ಕಾರಿನ ಎಂಜಿನ್ ಕೋಣೆಯ ಶುಚೀಕರಣ

ಕಾರಿನ ಎಂಜಿನ್ ಕೋಣೆಯ ಶುಚೀಕರಣ ಎಂದರೆ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಮೇಲೂ ಅದರ ಸುತ್ತಲಿನ ಭಾಗಗಳ ಮೇಲೂ ಕೂಡಿಕೊಂಡ ಧೂಳು, ಎಣ್ಣೆಯ ಜಿಡ್ಡು, ಕೆಸರು, ಒಣ ಎಲೆ ಮುಂತಾದವನ್ನು ತೆಗೆಯುವ ಕೆಲಸ. ಜಿಡ್ಡನ್ನು ಸಡಿಲಗೊಳಿಸಲು ಬಳಸುವ ದ್ರಾವಣಕ್ಕೆ ಡಿಗ್ರೀಸರ್ ಎಂದು ಹೆಸರು. ಕಾರಿನ ಹೊರಮೈಯನ್ನು ತೊಳೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಹೊರಗಡೆ ತಪ್ಪಿದರೆ ಬಣ್ಣದ ಮೇಲೆ ಗೀರು ಬೀಳಬಹುದು, ಅಷ್ಟೆ. ಬಾನೆಟ್ಟಿನ ಕೆಳಗಾದರೋ ಬಿಸಿ ಲೋಹ, ಇಂಧನ, ವಿದ್ಯುತ್ತು ಮತ್ತು ನೀರು ಒಂದೇ ಇಕ್ಕಟ್ಟಾದ ಜಾಗದಲ್ಲಿ ಸೇರುತ್ತವೆ. ಮನೆಯಂಗಳದಲ್ಲಿ ಈ ಕೆಲಸವನ್ನು ಕ್ಷೇಮವಾಗಿ ಮಾಡಲು ಸಾಧ್ಯವಿದೆ. ಆದರೆ ಅದರಲ್ಲಿ ನೀರಿಗಿಂತ ಕುಂಚಕ್ಕೂ ಬಟ್ಟೆಗೂ ಹೆಚ್ಚು ಕೆಲಸವಿರಬೇಕು.

ಅಗತ್ಯ

ಎಂಜಿನ್ ಓಡುವುದಕ್ಕೆ ಅದರ ಹೊರಮೈ ಹೊಳೆಯಬೇಕಾಗಿಲ್ಲ. ತೆಳುವಾದ ಧೂಳಿನ ಪದರ ಯಾವ ಹಾನಿಯನ್ನೂ ಮಾಡುವುದಿಲ್ಲ. ಆದ್ದರಿಂದ ಪ್ರತಿ ವಾರ ಕಾರು ತೊಳೆಯುವಾಗ ಬಾನೆಟ್ ಎತ್ತಿ ಒಳಗೂ ನೀರು ಹೊಡೆಯುವ ಅಭ್ಯಾಸ ಅನಾವಶ್ಯಕ. ವರ್ಷಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ, ಮಾಡಿದರೆ ಸಾಕಾಗುತ್ತದೆ. ಮಳೆಗಾಲದ ಕೆಸರು ಒಣಗಿದ ಮೇಲೆ, ಬಿಸಿಲು ಚೆನ್ನಾಗಿರುವ ದಿನಗಳು ಇದಕ್ಕೆ ಅನುಕೂಲ.

ಎಣ್ಣೆ ಬೆರೆತ ಜಿಡ್ಡಿನ ಮಾತು ಬೇರೆ. ಎಂಜಿನ್ ಎಣ್ಣೆ ರಬ್ಬರಿನ ಹೋಸುಗಳನ್ನೂ ಬೆಲ್ಟುಗಳನ್ನೂ ಕಾಲಕ್ರಮದಲ್ಲಿ ಮೆತ್ತಗಾಗಿಸಿ ಉಬ್ಬಿಸುತ್ತದೆ. ಎಣ್ಣೆಯಲ್ಲಿ ತೊಯ್ದ ಧೂಳು, ಗಾಜಿನ ಬುಡದ ಜಾಲರಿಯಿಂದ ಒಳಗೆ ಬಿದ್ದ ತರಗೆಲೆ, ಇಲಿ ತಂದಿಟ್ಟ ಹತ್ತಿ ಚೂರು ಇವೆಲ್ಲ ಸುಡುವ ವಸ್ತುಗಳು. ಸೈಲೆನ್ಸರ್ ಕೊಳವೆ ಎಂಜಿನ್ನಿಗೆ ಕೂಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಬ ಭಾಗ ಗಾಡಿ ಓಡುವಾಗ ಕೆಲವು ನೂರು ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಅದರ ಪಕ್ಕದಲ್ಲಿ ಇಂಥ ಕಸ ಕೂಡಿದ್ದರೆ ಬೆಂಕಿಗೆ ಆಸ್ಪದವಾಗುತ್ತದೆ.

ಶುಚಿಯಾದ ಎಂಜಿನ್ನಿನ ಇನ್ನೊಂದು ಪ್ರಯೋಜನವನ್ನು ಹಲವರು ಗಮನಿಸುವುದಿಲ್ಲ. ಮೇಲ್ಮೈ ಸ್ವಚ್ಛವಾಗಿದ್ದರೆ ಹೊಸ ಸೋರಿಕೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಕಪ್ಪು ಅಥವಾ ಕಂದು ಒದ್ದೆ ಕಂಡರೆ ಎಂಜಿನ್ ಎಣ್ಣೆ. ಹಸಿರು, ನೀಲಿ, ಗುಲಾಬಿ ಬಣ್ಣದ ಕಲೆ ಕಂಡರೆ ಸಾಮಾನ್ಯವಾಗಿ ಕೂಲೆಂಟ್. ಆದರೆ ಇದೇ ಕಾರಣದಿಂದ, ಸೋರಿಕೆಯ ಮೂಲವನ್ನು ಮೆಕ್ಯಾನಿಕ್‌ಗೆ ತೋರಿಸಬೇಕಾಗಿರುವಾಗ ಮೊದಲೇ ತೊಳೆದುಬಿಡುವುದು ಅವಿವೇಕ. ತೊಳೆಯುವ ಮುನ್ನ ಒಂದೆರಡು ಛಾಯಾಚಿತ್ರ ತೆಗೆದಿಡುವುದು ಒಳ್ಳೆಯದು. ಹಳೆಯ ಕಾರು ಕೊಳ್ಳಲು ಹೋದಾಗ ಎಂಜಿನ್ ಅತಿಯಾಗಿ ಫಳಫಳಿಸುತ್ತಿದ್ದರೆ ಸಂತೋಷಪಡುವುದಕ್ಕಿಂತ ಸ್ವಲ್ಪ ಸಂಶಯಪಡುವುದೇ ಲೇಸು. ಆ ಗಾಡಿಯನ್ನು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಮತ್ತೆ ಬಾನೆಟ್ ತೆಗೆದು ನೋಡಬೇಕು.

ಜಿಡ್ಡು ಅಂಟುವ ಮತ್ತು ಬಿಡುವ ಬಗೆ

ಎಂಜಿನ್ನಿನ ಮೇಲ್ಭಾಗದ ಮುಚ್ಚಳದ ಅಂಚಿನಲ್ಲಿರುವ ಗ್ಯಾಸ್ಕೆಟ್ (ಗ್ಯಾರೇಜಿನ ಮಾತಿನಲ್ಲಿ ಪ್ಯಾಕಿಂಗ್) ವಯಸ್ಸಾದಂತೆ ಗಡುಸಾಗಿ, ಅಲ್ಲಿಂದ ಎಣ್ಣೆ ಸಣ್ಣಗೆ ಜಿನುಗುತ್ತದೆ. ಎಣ್ಣೆ ತುಂಬಿಸುವಾಗ ಚೆಲ್ಲಿದ್ದೂ ಅಲ್ಲಿಯೇ ಉಳಿಯುತ್ತದೆ. ಶಾಖಕ್ಕೆ ಈ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಮಂದವಾಗುತ್ತದೆ. ರಸ್ತೆಯ ಧೂಳು ಅದಕ್ಕೆ ಅಂಟಿ ಕಪ್ಪು ಮೇಣದಂತಹ ಪದರವಾಗುತ್ತದೆ. ಬಯಲುಸೀಮೆಯ ಕಪ್ಪು ಮಣ್ಣಿನ ದಾರಿಯಲ್ಲಿಯೋ ಕರಾವಳಿಯ ಕೆಂಪು ಮಣ್ಣಿನ ದಾರಿಯಲ್ಲಿಯೋ ಓಡುವ ಗಾಡಿಯಲ್ಲಿ ಈ ಪದರದ ಬಣ್ಣವೇ ಊರನ್ನು ಹೇಳುತ್ತದೆ.

ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಾದ್ದರಿಂದ ಎಷ್ಟೇ ನೀರು ಸುರಿದರೂ ಈ ಪದರ ಕದಲುವುದಿಲ್ಲ. ಡಿಗ್ರೀಸರ್‌ನಲ್ಲಿರುವ ಸರ್ಫ್ಯಾಕ್ಟಂಟ್ ಎಂಬ ವಸ್ತುವಿನ ಅಣುವಿಗೆ ಎರಡು ತುದಿಗಳು: ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ಇಂತಹ ಅಣುಗಳು ಎಣ್ಣೆಯ ಹನಿಯನ್ನು ಸುತ್ತುವರಿದು, ಲೋಹದಿಂದ ಬಿಡಿಸಿ, ನೀರಿನೊಡನೆ ಹರಿದುಹೋಗುವಂತೆ ಮಾಡುತ್ತವೆ. ಎಣ್ಣೆಸ್ನಾನದ ದಿನ ಸೀಗೆಪುಡಿ ಮಾಡುವ ಕೆಲಸವೂ ಇದೇ. ಸೀಗೆಕಾಯಿಯಲ್ಲಿರುವ ಸಪೋನಿನ್ ಸಹಜವಾದ ಸರ್ಫ್ಯಾಕ್ಟಂಟ್. ಈ ಕ್ರಿಯೆಗೆ ಕೆಲವು ನಿಮಿಷಗಳ ಕಾಲಾವಕಾಶ ಬೇಕು. ಸಿಂಪಡಿಸಿದ ಕೂಡಲೇ ತೊಳೆದುಬಿಡುವವರು ಹೆಚ್ಚು ದ್ರಾವಣವನ್ನು ಖರ್ಚು ಮಾಡುತ್ತಾರೆ, ಜಿಡ್ಡನ್ನಲ್ಲ.

ದ್ರಾವಣಗಳು

ನೀರಿನಲ್ಲಿ ಬೆರೆಯುವ ಡಿಗ್ರೀಸರ್ ಮನೆ ಬಳಕೆಗೆ ಎಲ್ಲಕ್ಕಿಂತ ಸೂಕ್ತ. ಅದನ್ನು ಡಬ್ಬಿಯ ಮೇಲೆ ಹೇಳಿರುವ ಪ್ರಮಾಣದಲ್ಲಿ ತೆಳುಗೊಳಿಸಿ, ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ಅನಂತರ ಬಳಸಬೇಕು. ಜಿಡ್ಡು ಕಡಿಮೆಯಿದ್ದರೆ ಪಾತ್ರೆ ತೊಳೆಯುವ ದ್ರವ ಸೋಪನ್ನು ಉಗುರುಬೆಚ್ಚಗಿನ ನೀರಿಗೆ ಕೆಲವು ಹನಿ ಬೆರೆಸಿದರೂ ನಡೆಯುತ್ತದೆ. ಕಿತ್ತಳೆ ಸಿಪ್ಪೆಯಿಂದ ಪಡೆದ ಲಿಮೊನೀನ್ ಇರುವ ದ್ರಾವಣಗಳಿಗೆ ಸುವಾಸನೆಯಿದೆ. ಆದರೆ ಲಿಮೊನೀನ್ ಸಹ ಬೆಂಕಿ ಹೊತ್ತುವ ವಸ್ತುವೇ. ವಾಸನೆ ಹಿತವಾಗಿದೆ ಎಂದು ಅದನ್ನು ಬಿಸಿ ಎಂಜಿನ್ ಮೇಲೆ ಹಾಕಬಾರದು.

ಕಾಸ್ಟಿಕ್ ಸೋಡಾ ಸೇರಿರುವ ತೀವ್ರ ಕ್ಷಾರೀಯ ದ್ರಾವಣಗಳನ್ನು ಎಂಜಿನ್ ಕೋಣೆಯಲ್ಲಿ ಬಳಸುವುದು ತಪ್ಪು. ಅನೇಕ ಕಾರುಗಳ ಎಂಜಿನ್ನಿನ ಭಾಗಗಳು ಅಲ್ಯೂಮಿನಿಯಂನವು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ಕೊರೆಯುತ್ತದೆ, ಹೈಡ್ರೋಜನ್ ಅನಿಲವನ್ನು ಬಿಡುಗಡೆ ಮಾಡುತ್ತದೆ, ಲೋಹವನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ.

ಪೆಟ್ರೋಲಿನಲ್ಲಿ ಕುಂಚ ಅದ್ದಿ ಎಂಜಿನ್ ಉಜ್ಜುವ ರೂಢಿ ಹಲವೆಡೆ ಇಂದಿಗೂ ಕಾಣಸಿಗುತ್ತದೆ. ಜಿಡ್ಡು ಬೇಗ ಕರಗುತ್ತದೆ ಎಂಬುದು ನಿಜ. ಆದರೆ ಪೆಟ್ರೋಲಿನ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳಲು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಉಷ್ಣತೆಯೂ ಸಾಕು. ಅಂದರೆ ನಮ್ಮ ಹವೆಯಲ್ಲಿ ಅದು ಯಾವ ಋತುವಿನಲ್ಲಾದರೂ, ಯಾವ ಹೊತ್ತಿನಲ್ಲಾದರೂ ಹೊತ್ತಬಲ್ಲದು. ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಹರಡುತ್ತದೆ. ಬ್ಯಾಟರಿಯ ತಂತಿ ಬಿಚ್ಚುವಾಗ ಹಾರುವ ಒಂದು ಸಣ್ಣ ಕಿಡಿ, ಪಕ್ಕದ ಮನೆಯ ಬಚ್ಚಲ ಒಲೆ ಯಾವುದೂ ಅದಕ್ಕೆ ಸಾಕು. ಸೀಮೆಎಣ್ಣೆ ಅಷ್ಟು ಸುಲಭವಾಗಿ ಹೊತ್ತುವುದಿಲ್ಲ. ಆದರೂ ಬಿಸಿಯಾದ ಲೋಹದ ಬಳಿ ಅದೂ ಅಪಾಯಕರ. ಜೊತೆಗೆ ರಬ್ಬರನ್ನು ಕೆಡಿಸಿ, ಮತ್ತೆ ಧೂಳನ್ನು ಸೆಳೆಯುವ ಜಿಡ್ಡಿನ ಪದರವನ್ನು ಹಿಂದೆ ಬಿಟ್ಟುಹೋಗುತ್ತದೆ. ಎರಡನ್ನೂ ಈ ಕೆಲಸಕ್ಕೆ ಬಳಸಬಾರದು.

ಹಳೆಯ ಕಾರು ಮತ್ತು ಹೊಸ ಕಾರು

1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಮೊದಮೊದಲ ಗಾಡಿಗಳಲ್ಲಿ ಕಾರ್ಬುರೇಟರ್ ಇತ್ತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿಯೂ ಹಾಗೆಯೇ. ಅಂತಹ ಪೆಟ್ರೋಲ್ ಗಾಡಿಗಳಲ್ಲಿ ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ತನ್ನು ಹಂಚುತ್ತಿದ್ದುದು ಡಿಸ್ಟ್ರಿಬ್ಯೂಟರ್. ಅದರ ಮುಚ್ಚಳದೊಳಗೆ ತೇವ ಸೇರಿದರೆ ಎಂಜಿನ್ ನಿಂತುಬಿಡುತ್ತಿತ್ತು. ಚಾಲಕರು ಮಳೆಯಲ್ಲಿ ಗಾಡಿ ನಿಲ್ಲಿಸಿ ಒಣಬಟ್ಟೆಯಿಂದ ಅದನ್ನು ಒರೆಸುತ್ತಿದ್ದುದು ಆ ಕಾಲದವರಿಗೆ ಪರಿಚಿತ ದೃಶ್ಯ. ಒರೆಸಿದರೆ ಗಾಡಿ ಮತ್ತೆ ಹೊರಡುತ್ತಿತ್ತು. ಅಲ್ಲಿ ಕೆಡುವುದಕ್ಕೆ ಬೇರೆ ಹೆಚ್ಚಿನದೇನೂ ಇರಲಿಲ್ಲ.

ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದಂತೆ ಇಂಧನವನ್ನು ಕಂಪ್ಯೂಟರ್ ಮೂಲಕ ಅಳೆದು ಸಿಂಪಡಿಸುವ ವ್ಯವಸ್ಥೆ ಬಂದಿತು. 2020ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳ ನಂತರದ ಗಾಡಿಗಳಲ್ಲಿ ಸೆನ್ಸರುಗಳೂ ವಿದ್ಯುತ್ ಜೋಡಣೆಗಳೂ ಬಹಳ. ಈ ಜೋಡಣೆಗಳಿಗೆ ರಬ್ಬರ್ ಸೀಲುಗಳಿರುವುದರಿಂದ ರಸ್ತೆಯ ನೀರು ಎರಚಿದರೆ ತೊಂದರೆಯಾಗುವುದಿಲ್ಲ. ಆದರೆ ಒತ್ತಡದ ನೀರಿಗೆ ಅವು ತಡೆಯೊಡ್ಡಲಾರವು. ಒಮ್ಮೆ ಒಳಹೊಕ್ಕ ನೀರು ಅದೇ ಸೀಲಿನಿಂದಾಗಿ ಹೊರಬರುವುದೂ ಇಲ್ಲ. ತಿಂಗಳುಗಳ ನಂತರ ಪಿನ್ನುಗಳು ಹಸಿರುಗಟ್ಟಿ ದೋಷ ತೋರುವಾಗ ತೊಳೆದ ನೆನಪೂ ಯಾರಿಗೂ ಇರುವುದಿಲ್ಲ. ಹೀಗಾಗಿ ಹಳೆಯ ಗಾಡಿಗೆ ಒಗ್ಗುತ್ತಿದ್ದ ಹೋಸ್ ಪೈಪಿನ ಪದ್ಧತಿಯನ್ನು ಹೊಸ ಗಾಡಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಕಾರಿನ ಜೊತೆ ಬರುವ ಮಾಲೀಕರ ಕೈಪಿಡಿಯಲ್ಲಿ ಈ ಬಗ್ಗೆ ಏನು ಹೇಳಿದೆ ಎಂಬುದನ್ನು ಮೊದಲು ಓದಬೇಕು. ಅಲ್ಲಿ ನೀರು ಬೇಡವೆಂದಿದ್ದರೆ ಆ ಮಾತೇ ಅಂತಿಮ.

ಸಿದ್ಧತೆ

ಎಂಜಿನ್ ಸಂಪೂರ್ಣ ತಣಿದಿರಬೇಕು. ಓಡಿಸಿ ತಂದ ಗಾಡಿಯನ್ನು ಎರಡು ಮೂರು ಗಂಟೆ ನಿಲ್ಲಿಸಿ, ಲೋಹದ ಭಾಗದ ಬಳಿ ಅಂಗೈ ಹಿಡಿದು, ಶಾಖ ತಟ್ಟದಿದ್ದರೆ ಮುಂದುವರಿಯಬಹುದು. ಬೆಳಿಗ್ಗೆ ಗಾಡಿ ತೆಗೆಯುವ ಮುನ್ನವೇ ಮಾಡುವುದಾದರೆ ಈ ಕಾಯುವಿಕೆಯೇ ತಪ್ಪುತ್ತದೆ. ಸ್ವಲ್ಪ ಬೆಚ್ಚಗಿದ್ದಾಗ ಜಿಡ್ಡು ಬೇಗ ಬಿಡುತ್ತದೆ ಎಂದು ಅನುಭವಿಗಳು ಹೇಳುವುದುಂಟು. ಆದರೆ ಬಿಸಿಯಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಅದು ಒಮ್ಮೆಲೇ ಕುಗ್ಗಿ ಬಿರುಕು ಬಿಡುವ ಸಂಭವವಿದೆ. ದ್ರಾವಣವೂ ಬೇಗ ಒಣಗಿ ಕಲೆ ಉಳಿಯುತ್ತದೆ. ಅಭ್ಯಾಸವಿಲ್ಲದವರಿಗೆ ತಣ್ಣನೆಯ ಎಂಜಿನ್ನೇ ಕ್ಷೇಮ.

ಗಾಡಿಯನ್ನು ಸಮತಟ್ಟಾದ, ನೆರಳಿರುವ, ಗಾಳಿಯಾಡುವ ಸ್ಥಳದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಬೇಕು. ಬೀಗದಕೈ ಗಾಡಿಯಲ್ಲಿರಬಾರದು. ಬಾನೆಟ್ಟಿನ ಆಧಾರದ ಕಂಬಿ ತನ್ನ ಗುಳಿಯಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ರೇಡಿಯೇಟರ್ ಎದುರಿನ ವಿದ್ಯುತ್ ಫ್ಯಾನು ಕೆಲವು ಗಾಡಿಗಳಲ್ಲಿ ಎಂಜಿನ್ ನಿಂತ ಮೇಲೂ ಇದ್ದಕ್ಕಿದ್ದಂತೆ ತಿರುಗುವುದುಂಟು. ಬೆರಳು ಕಳೆದುಕೊಳ್ಳುವುದಕ್ಕೆ ಅದೊಂದೇ ಸಾಕು. ಸೆರಗು, ದುಪಟ್ಟಾ, ಸಡಿಲವಾದ ತೋಳು ಇವನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಬಳೆ, ಉಂಗುರ, ಗಡಿಯಾರಗಳನ್ನು ತೆಗೆದಿಡಬೇಕು, ಏಕೆಂದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಅಥವಾ ಧನ ತುದಿಗೂ ಗಾಡಿಯ ಲೋಹದ ಮೈಗೂ ನಡುವೆ ಲೋಹ ತಗುಲಿದರೆ ಅದು ಕ್ಷಣದಲ್ಲಿ ಕಾದು ಚರ್ಮವನ್ನು ಸುಡುತ್ತದೆ. 12 ವೋಲ್ಟ್ ವಿದ್ಯುತ್ತು ಮನುಷ್ಯನಿಗೆ ಷಾಕ್ ಕೊಡುವಷ್ಟು ಬಲವುಳ್ಳದ್ದಲ್ಲ. ಅದರ ಅಪಾಯವಿರುವುದು ಹೀಗೆ ಹರಿಯುವ ಭಾರಿ ಪ್ರವಾಹದಲ್ಲಿ.

ಬ್ಯಾಟರಿಯ ತಂತಿ ಬಿಚ್ಚುವುದಾದರೆ ಮೊದಲು ಋಣ ತುದಿ, ಆಮೇಲೆ ಬೇಕಾದರೆ ಧನ ತುದಿ. ಮತ್ತೆ ಜೋಡಿಸುವಾಗ ಇದಕ್ಕೆ ವಿರುದ್ಧ: ಧನ ಮೊದಲು, ಋಣ ಕೊನೆಗೆ. ಈ ಕ್ರಮದಲ್ಲಿ ಸ್ಪಾನರ್ ಅಕಸ್ಮಾತ್ ಗಾಡಿಯ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ. ತಂತಿ ಬಿಚ್ಚಿದರೆ ಗಡಿಯಾರ, ರೇಡಿಯೋ, ಕಿಟಕಿಗಳ ಹೊಂದಾಣಿಕೆ ಅಳಿಸಿಹೋಗುವ ಗಾಡಿಗಳೂ ಉಂಟು.

ಆಮೇಲೆ ಮುಚ್ಚುವ ಕೆಲಸ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆ, ಇಗ್ನಿಷನ್ ಕಾಯಿಲ್‌ಗಳು, ಏರ್ ಫಿಲ್ಟರಿನ ಗಾಳಿ ಬಾಯಿ, ಬ್ಯಾಟರಿಯ ತುದಿಗಳು, ಇವನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ರಬ್ಬರ್ ಬ್ಯಾಂಡ್ ಅಥವಾ ಟೇಪಿನಿಂದ ಬಿಗಿಯಬೇಕು. ಇವುಗಳಲ್ಲಿ ಗಾಳಿ ಬಾಯಿಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾರದು. ಸಿಲಿಂಡರಿನೊಳಗೆ ನೀರು ಸೇರಿದಾಗ ಎಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗಿ, ಇಡೀ ಎಂಜಿನ್ ಬಿಚ್ಚಬೇಕಾದ ಪ್ರಸಂಗ ಬರುತ್ತದೆ. ಎಣ್ಣೆಯ ಮುಚ್ಚಳ, ಎಣ್ಣೆ ಅಳೆಯುವ ಕಡ್ಡಿ, ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ಇವು ಗಟ್ಟಿಯಾಗಿ ಕೂತಿವೆಯೇ ಎಂದು ಕೈಯಾರೆ ಒತ್ತಿ ನೋಡಬೇಕು. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿದ್ದಾಗ ತೆಗೆಯಲೇಬಾರದು. ಒಳಗೆ ಒತ್ತಡದಲ್ಲಿರುವ ಕೂಲೆಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಶುಚಿಗೊಳಿಸುವ ಕ್ರಮ

ರಬ್ಬರ್ ಕೈಚೀಲ ಮತ್ತು ಕನ್ನಡಕ ಧರಿಸಿಯೇ ಆರಂಭಿಸಬೇಕು. ಮೊದಲು ಒಣ ಕೆಲಸ: ಎಲೆ, ಕಡ್ಡಿಗಳನ್ನು ಕೈಯಿಂದ ತೆಗೆದು, ಮೆತ್ತನೆಯ ಬಣ್ಣದ ಕುಂಚದಿಂದ ಧೂಳು ಜಾಡಿಸಬೇಕು. ಜಿಡ್ಡಿಲ್ಲದ ಗಾಡಿಗೆ ಇಷ್ಟರ ಮೇಲೆ ಒಂದು ಒದ್ದೆ ಬಟ್ಟೆ ಆಡಿಸಿದರೆ ಕೆಲಸವೇ ಮುಗಿಯಿತು.

ಜಿಡ್ಡಿರುವಲ್ಲಿ ಡಿಗ್ರೀಸರನ್ನು ಸ್ಪ್ರೇ ಬಾಟಲಿಯಿಂದ ನೇರವಾಗಿ ಎಲ್ಲೆಡೆ ಹೊಡೆಯುವ ಬದಲು ಕುಂಚಕ್ಕೋ ಬಟ್ಟೆಗೋ ಹೊಡೆದುಕೊಂಡು ಉಜ್ಜುವುದು ಉತ್ತಮ. ಕೆಳಗಿನಿಂದ ಮೇಲಕ್ಕೆ ಹಚ್ಚುತ್ತ ಹೋದರೆ ಕೊಳಕು ಇಳಿದು ಒಣಗಿ ಗೆರೆಯಾಗುವುದಿಲ್ಲ. ಒಮ್ಮೆಗೆ ಒಂದು ಮೂಲೆಯನ್ನಷ್ಟೇ ಹಿಡಿಯಬೇಕು. ಮೂರರಿಂದ ಐದು ನಿಮಿಷ ಬಿಟ್ಟು, ದ್ರಾವಣ ಒಣಗುವ ಮೊದಲೇ, ಸಂದುಗಳಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಅಗಲವಾದ ಕಡೆ ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು. ತಂತಿ ಬ್ರಷ್ ವಿದ್ಯುತ್ ತಂತಿಗಳ ಹೊದಿಕೆಯನ್ನೂ ಅಲ್ಯೂಮಿನಿಯಂ ಅನ್ನೂ ಗೀರುತ್ತದೆ. ಬೆಲ್ಟುಗಳಿಗೆ ಡಿಗ್ರೀಸರ್ ತಾಗದಂತೆ ನೋಡಿಕೊಳ್ಳಬೇಕು. ಗಟ್ಟಿಯಾಗಿ ಕೂತ ಹಳೆಯ ಪದರ ಒಂದೇ ಸಲಕ್ಕೆ ಹೋಗದಿದ್ದರೆ ಎರಡನೆಯ ಸಲ ಹಚ್ಚಬೇಕೇ ಹೊರತು ಬಲ ಹಾಕಬಾರದು.

ಬ್ಯಾಟರಿಯ ತುದಿಗಳಲ್ಲಿ ಕಾಣುವ ಬಿಳಿ ಅಥವಾ ನೀಲಿ ಮಿಶ್ರಿತ ಹಸಿರು ಪುಡಿ ಆಮ್ಲದ ಪರಿಣಾಮದಿಂದ ಆದದ್ದು. ತಂತಿ ಬಿಚ್ಚಿದ ಮೇಲೆ, ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಚ್ಚಿದರೆ ನೊರೆಯೆದ್ದು ಪುಡಿ ಬಿಡುತ್ತದೆ. ಈ ಸೋಡಾ ಬ್ಯಾಟರಿಯ ಒಳಗೆ ಹೋದರೆ ಅಲ್ಲಿರುವ ಆಮ್ಲವೂ ಕೆಡುತ್ತದೆ. ಆದ್ದರಿಂದ ಮುಚ್ಚಳಗಳು ಬಿಗಿಯಾಗಿರಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಹತ್ತಿರ ಬೀಡಿ, ಸಿಗರೇಟು, ಊದುಬತ್ತಿ ಯಾವುದೂ ಇರಬಾರದು.

ನೀರಿನ ಬಳಕೆ

ಉಜ್ಜಿದ ಜಿಡ್ಡನ್ನು ತೆಗೆಯಲು ಒದ್ದೆ ಬಟ್ಟೆಯನ್ನು ಹಿಂಡಿ ಹಿಂಡಿ ಒರೆಸುವುದೇ ಮನೆಯ ಮಟ್ಟಿಗೆ ಅತ್ಯಂತ ಸುರಕ್ಷಿತ ವಿಧಾನ. ಅರ್ಧ ಬಕೆಟ್ ನೀರು ಸಾಕು. ಹೋಸ್ ಪೈಪ್ ಬಳಸಲೇಬೇಕಾದರೆ, ಕೈಪಿಡಿ ಅದನ್ನು ನಿಷೇಧಿಸಿಲ್ಲವೆಂದು ಖಚಿತಪಡಿಸಿಕೊಂಡು, ನಲ್ಲಿಯನ್ನು ಕಡಿಮೆ ತಿರುಗಿಸಿ, ಗಿಡಕ್ಕೆ ನೀರು ಚಿಮುಕಿಸುವಂತೆ ದೂರದಿಂದ, ಮುಚ್ಚಿಟ್ಟ ಭಾಗಗಳನ್ನು ಬಿಟ್ಟು ಹರಿಸಬೇಕು. ಮನೆ ಬಳಕೆಯ ಪ್ರೆಷರ್ ವಾಷರುಗಳು ಸಹ 100 ಬಾರ್‌ನಷ್ಟು ಒತ್ತಡ ಉಂಟುಮಾಡುತ್ತವೆ. ಅವು ಎಂಜಿನ್ ಕೋಣೆಗಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು.

ಒಣಗಿಸುವುದು ಮತ್ತು ಚಾಲನೆ

ಒಣ ಮೈಕ್ರೋಫೈಬರ್ ಬಟ್ಟೆಯಿಂದ ಅಥವಾ ಮೆಕ್ಯಾನಿಕ್‌ಗಳು ಬಳಸುವ ಬನಿಯನ್ ಬಟ್ಟೆಯಿಂದ ಒರೆಸಿ, ಬಾನೆಟ್ ತೆರೆದಿಟ್ಟು ಒಂದೆರಡು ಗಂಟೆ ಗಾಳಿಗೆ ಬಿಡಬೇಕು. ಹೊದಿಸಿದ ಪ್ಲಾಸ್ಟಿಕ್ ಚೀಲಗಳನ್ನೆಲ್ಲ ಎಣಿಸಿ ತೆಗೆಯಬೇಕು. ಎಷ್ಟು ಕಟ್ಟಿದ್ದರೋ ಅಷ್ಟೂ ಕೈಗೆ ಬಂದಿರಬೇಕು, ಏಕೆಂದರೆ ಮರೆತ ಒಂದು ಚೀಲ ಗಾಳಿ ಬಾಯಿಯನ್ನು ಮುಚ್ಚಬಹುದು, ಫ್ಯಾನಿಗೆ ಸುತ್ತಬಹುದು, ಇಲ್ಲವೇ ಮ್ಯಾನಿಫೋಲ್ಡಿನ ಮೇಲೆ ಕರಗಿ ಹೊತ್ತಬಹುದು. ಅನಂತರ ಎಂಜಿನ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ನಿಂತಲ್ಲೇ ಓಡಿಸಿದರೆ ಉಳಿದ ತೇವ ಆರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಮಾಡುವುದು ಪ್ರಾಣಾಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಎಂಜಿನ್ ಕುಂಟಿದಂತೆ ಓಡಿದರೆ ಸ್ಪಾರ್ಕ್ ಪ್ಲಗ್ಗಿನ ಗುಳಿಗೆ ನೀರು ಇಳಿದಿರುವ ಸಂಭವವೇ ಹೆಚ್ಚು. ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಕಾಯಿಲ್ ತೆಗೆದು ಗುಳಿಯನ್ನು ಒಣಗಿಸಬೇಕು. ಚಾಲೂ ಆಗಲೇ ಇಲ್ಲವೆಂದರೆ ಮತ್ತೆ ಮತ್ತೆ ಬೀಗದಕೈ ತಿರುಗಿಸದೆ ಮೆಕ್ಯಾನಿಕ್‌ಗೆ ಹೇಳಿಕಳುಹಿಸಬೇಕು. ಕೊನೆಯಲ್ಲಿ ಹೊಳಪಿನ ದ್ರಾವಣ ಬಳಿಯುವುದು ಕೇವಲ ಅಲಂಕಾರ. ಬಳಿಯುವುದೇ ಆದರೆ ನೀರು ಆಧಾರಿತವಾದದ್ದನ್ನು ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ ಬಳಿಯಬೇಕು.

ಇಲಿಗಳ ತೊಂದರೆ

ಮಳೆಗಾಲದಲ್ಲಿಯೂ ಚಳಿಯಲ್ಲಿಯೂ ಬೆಚ್ಚಗಿನ ಎಂಜಿನ್ ಕೋಣೆ ಇಲಿ, ಹೆಗ್ಗಣಗಳಿಗೆ ಆಶ್ರಯ. ಅವು ತಂತಿಗಳನ್ನು ಕಡಿಯುತ್ತವೆ, ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಗೂಡು ಕಟ್ಟುತ್ತವೆ. ಹಿಕ್ಕೆ ಕಂಡಲ್ಲಿ ಒಣಗಿದ್ದಂತೆಯೇ ಗುಡಿಸಬಾರದು. ಕೈಚೀಲ, ಮುಖಗವಸು ಧರಿಸಿ, ಕ್ರಿಮಿನಾಶಕ ದ್ರಾವಣದಿಂದ ನೆನೆಸಿ, ಕಾಗದದಿಂದ ಎತ್ತಬೇಕು. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ (ಲೆಪ್ಟೊಸ್ಪೈರೋಸಿಸ್) ಕೈಮೇಲಿನ ಸಣ್ಣ ಗಾಯದ ಮೂಲಕವೂ ದೇಹವನ್ನು ಸೇರಬಲ್ಲದು. ಇಲಿ ಬರದಿರಲೆಂದು ಹೊಗೆಸೊಪ್ಪನ್ನು ಎಂಜಿನ್ನಿನ ಸಂದಿಗೆ ಸಿಕ್ಕಿಸುವ ಮನೆಮದ್ದು ಪ್ರಚಲಿತವಾಗಿದೆ. ಒಣಸೊಪ್ಪು ಬಿಸಿ ಕೊಳವೆಯ ಮೇಲೆ ಜಾರಿದರೆ ಏನಾಗಬಹುದೆಂಬುದನ್ನು ಹಾಗೆ ಮಾಡುವವರು ಯೋಚಿಸಬೇಕು. ಕಡಿದ ತಂತಿ ಕಂಡರೆ ಅಲ್ಲಿಗೆ ನೀರು, ದ್ರಾವಣ ತಾಗಿಸದೆ ಮೊದಲು ದುರಸ್ತಿ ಮಾಡಿಸಬೇಕು.

ವಿದ್ಯುತ್, ಹೈಬ್ರಿಡ್ ಮತ್ತು ಅನಿಲ ಚಾಲಿತ ಕಾರುಗಳು

ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳ ಬಾನೆಟ್ಟಿನಡಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಕಂಡುಬರುತ್ತವೆ. ಅವುಗಳಲ್ಲಿ ನೂರಾರು ವೋಲ್ಟ್ ವಿದ್ಯುತ್ತು ಹರಿಯುವುದು ಸಾಮಾನ್ಯ. ಇದು ಜೀವ ತೆಗೆಯುವ ಪ್ರಮಾಣ; 12 ವೋಲ್ಟಿನ ಬ್ಯಾಟರಿಯ ತಂತಿ ಬಿಚ್ಚಿದ ಮಾತ್ರಕ್ಕೆ ಈ ಭಾಗವನ್ನು ಮುಟ್ಟಬಹುದೆಂದು ಭಾವಿಸಬಾರದು. ಹೈಬ್ರಿಡ್ ಗಾಡಿಯ ಎಂಜಿನ್ ನಿಶ್ಶಬ್ದವಾಗಿದ್ದು ತಾನಾಗಿಯೇ ಚಾಲೂ ಆಗುವುದೂ ಉಂಟು. ಇಂತಹ ಗಾಡಿಗಳಲ್ಲಿ ಒಣಬಟ್ಟೆಯಿಂದ ಮೇಲಿನ ಮುಚ್ಚಳಗಳನ್ನು ಒರೆಸುವುದನ್ನು ಬಿಟ್ಟು ಉಳಿದದ್ದನ್ನು ತರಬೇತಿ ಪಡೆದವರಿಗೇ ಬಿಡಬೇಕು. ಸಿಎನ್‌ಜಿ ಗಾಡಿಯಲ್ಲಿ ಅನಿಲದ ವಾಸನೆ ಬಂದರೆ ಬಾನೆಟ್ ತೆರೆದಿಟ್ಟು, ಯಾವ ಸ್ವಿಚ್ಚನ್ನೂ ಒತ್ತದೆ, ದೂರ ಸರಿಯುವುದೇ ಸರಿ.

ಕೊಳೆನೀರಿನ ವಿಲೇವಾರಿ

ಎಂಜಿನ್ ತೊಳೆದ ನೀರು ಎಣ್ಣೆ, ಲೋಹದ ಕಣ, ಸೋಪುಗಳ ಮಿಶ್ರಣ. ಬಳಸಿದ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. ಮನೆಯ ಮುಂದಿನ ಮಳೆನೀರಿನ ಚರಂಡಿ ಯಾವ ಶುದ್ಧೀಕರಣವೂ ಇಲ್ಲದೆ ಕೆರೆಗೋ ಹೊಳೆಗೋ ಸೇರುತ್ತದೆ. ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಕುಖ್ಯಾತ ನೊರೆಗೆ ಕಾರಣವಾದ ವಸ್ತುಗಳಲ್ಲಿ ಚರಂಡಿಯ ಮೂಲಕ ಬಂದ ಡಿಟರ್ಜೆಂಟ್‌ಗಳೂ ಸೇರಿವೆ. ತೆಂಗಿನ ಬುಡಕ್ಕೋ ಬಾವಿಯ ಕಟ್ಟೆಯ ಬಳಿಗೋ ಈ ನೀರನ್ನು ಹರಿಸುವುದೂ ತಪ್ಪು. ಗಾಡಿಯ ಕೆಳಗೆ ಹಳೆಯ ಗೋಣಿತಾಟು ಅಥವಾ ಅಗಲವಾದ ತಟ್ಟೆ ಇಟ್ಟು ಜಿಡ್ಡನ್ನು ಹಿಡಿಯಬೇಕು. ಚೆಲ್ಲಿದ್ದಕ್ಕೆ ಮರದ ಹೊಟ್ಟು ಅಥವಾ ಮರಳು ಹಾಕಿ ಹೀರಿಸಬೇಕು. ಎಣ್ಣೆ ತೊಯ್ದ ಬಟ್ಟೆ, ಹೊಟ್ಟುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಮರುಬಳಕೆಗೆ ಕಳುಹಿಸುವ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸಬಹುದು. ಚೆಲ್ಲಿದ ಕೂಲೆಂಟನ್ನು ಮಾತ್ರ ಒಂದು ಗಳಿಗೆಯೂ ಹಾಗೆಯೇ ಬಿಡಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಅಂಗಳದ ನಾಯಿ ಬೆಕ್ಕುಗಳು ಅದನ್ನು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ, ಸಣ್ಣ ಮಕ್ಕಳಿಗೂ ಅದು ಅಷ್ಟೇ ಅಪಾಯಕರ.